ಒಂದೇ ವಿಪಿಎಸ್‌ನಲ್ಲಿ 11 ಸೈಟ್, ಒಂದಕ್ಕೆ ವೈರಸ್ ಬಂದ್ರೆ ಎಲ್ಲಕ್ಕೂ ಹಬ್ತಿದೆ

ಮಂಡಕ್ಕಿ_ಮಿರ್ಚಿ:
ನಮಸ್ಕಾರ್ರಿ ಎಲ್ರಿಗೂ. ದಾವಣಗೆರೆಲಿ ಒಬ್ನೇ ಕೂತು ವೆಬ್‌ಸೈಟ್ ಮಾಡ್ಕೊಡೋ ಕೆಲಸ ನಂದು. 2 ಜಿಬಿ ರ‍್ಯಾಮ್‌ದು ಒಂದು ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ಉಬುಂಟು, ಎಂಜಿನ್‌ಎಕ್ಸ್ (ಸೈಟ್ ತೋರ್ಸೋ ವೆಬ್ ಸರ್ವರ್) ಹಾಕಿ ಒಂದೊಂದೇ ಸೈಟ್ ಸೇರಿಸ್ತಾ ಹೋದೆ, ಈಗ 11 ಆಗಿದಾವೆ, ಎಲ್ಲಾ ವರ್ಡ್‌ಪ್ರೆಸ್ಸೇ. ಒಂದು ಕೋಚಿಂಗ್ ಕ್ಲಾಸ್‌ದು ಎರಡು ವರ್ಷದಿಂದ ಅಪ್‌ಡೇಟ್ ಇಲ್ಲ (ದುಡ್ಡು ಕೊಟ್ಟಿಲ್ಲ ಅಂತ ನಾನೂ ಮುಟ್ಟಿಲ್ಲ), ಅದು ಹ್ಯಾಕ್ ಆಗಿ ರಮ್ಮಿ ಸೈಟ್‌ಗೆ ಹೋಗ್ತಿತ್ತು, ಕ್ಲೀನ್ ಮಾಡ್ದೆ, ಎರಡೇ ದಿನಕ್ಕೆ ಬೇರೆ ನಾಲ್ಕು ಸೈಟಲ್ಲೂ ಅದೇ ಕಥೆ.

ಇನ್ನೊಂದು ವಿಚಿತ್ರ ಕೇಳ್ರಿ. ಮಂಡಿಪೇಟೆ ಸೀರೆ ಅಂಗಡಿ ಸೈಟನ್ನ ಮುಂದೆ ಮೂರು ಡಬ್ಲ್ಯೂ ಹಾಕಿ ಓಪನ್ ಮಾಡಿದ್ರೆ ಬೆಣ್ಣೆ ದೋಸೆ ಹೋಟ್ಲು ಸೈಟ್ ಬರುತ್ತೆ! ಗಿರಾಕಿಗಳು ಫೋನ್ ಮಾಡಿ 'ಅಂಗಡಿ ತೆಗೆದು ಹೋಟ್ಲು ಹಾಕಿದ್ರೇನ್ರಿ' ಅಂತ ಕೇಳ್ತಿದಾರಂತೆ, ಸಾಹುಕಾರ್ರು ನನ್ ಮೇಲೆ ಗರಂ.

ಟಿಕೆಟ್_ಕ್ಲೋಸ್ಡ್:
ಸುಮ್ನೆ ಒಂದು ಪ್ಯಾನೆಲ್ (ಸರ್ವರ್ ಕೆಲಸ ಬ್ರೌಸರಲ್ಲೇ ಮಾಡೋ ಸಾಫ್ಟ್‌ವೇರ್) ಹಾಕ್ಕೊಳ್ಳಿ ಬ್ರೋ. ಸಿಪ್ಯಾನೆಲ್ 2019ರಲ್ಲಿ ಅಕೌಂಟ್ ಲೆಕ್ಕದ ರೇಟ್ ಮಾಡಿದ್ಮೇಲೆ ನಮ್ಮಂಥವ್ರಿಗೆ ಗಿಟ್ಟಲ್ಲ, ಹೆಸ್ಟಿಯಾ ಫ್ರೀ ಐತೆ.

ಕೋಟೆ_ಕೆಳಗಿನವ:
ದುರ್ಗದಿಂದ. ಹೆಸ್ಟಿಯಾ ಒಳ್ಳೇದೇ, ಆದ್ರೆ ಅದಕ್ಕೆ ಖಾಲಿ ಸರ್ವರ್ ಬೇಕು, ಓಡ್ತಿರೋ 11 ಸೈಟ್ ಮೇಲೆ ಹಾಕೋಕೆ ಹೋಗ್ಬೇಡ್ರಿ.

ದೋಸೆದು ಮೊದ್ಲು. ನಿಮ್ ಸೀರೆ ಸೈಟಿನ ಎಂಜಿನ್‌ಎಕ್ಸ್ ಫೈಲಲ್ಲಿ ಸರ್ವರ್ ನೇಮ್ ಸಾಲಿನಲ್ಲಿ ಡಬ್ಲ್ಯೂ ಇರೋ ಹೆಸ್ರೇ ಇರಲ್ಲ, ನೋಡಿ. ಹೆಸ್ರು ಸಿಗ್ಲಿಲ್ಲ ಅಂದ್ರೆ ಎಂಜಿನ್‌ಎಕ್ಸ್ ಡೀಫಾಲ್ಟ್ ಬ್ಲಾಕ್‌ಗೆ (ಯಾವ ಸೈಟಿಗೂ ಹೊಂದದ್ದನ್ನ ತಗೊಳ್ಳೋ ಸೆಟ್ಟಿಂಗ್) ಕಳ್ಸುತ್ತೆ, ಡೀಫಾಲ್ಟ್ ನೀವು ಹೇಳಿಲ್ಲ ಅಂದ್ರೆ ಮೊದ್ಲು ಓದಿದ್ದೇ ಡೀಫಾಲ್ಟ್, ಸೈಟ್ಸ್-ಎನೇಬಲ್ಡ್ ಫೋಲ್ಡರನ್ನ ಅದು ಅಕ್ಷರ ಕ್ರಮದಲ್ಲಿ ಓದುತ್ತೆ, ಇಂಗ್ಲಿಷಲ್ಲಿ ಬೆಣ್ಣೆ ಬಿ, ಸೀರೆ ಎಸ್, ಆಯ್ತಲ್ಲ. ಹೆಸ್ರು ಸೇರ್ಸಿ, ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿಗೂ ಅದನ್ನ ಸೇರ್ಸಿ, ಮತ್ತೆ ಯಾರದೂ ಅಲ್ಲದ ಒಂದು ಡೀಫಾಲ್ಟ್ ಬ್ಲಾಕ್ ಮಾಡಿ 444 ರಿಟರ್ನ್ ಕೊಡಿ (ಉತ್ತರ ಕೊಡ್ದೆ ಕನೆಕ್ಷನ್ ಮುಚ್ಚುತ್ತೆ).

ಈಗ ನಿಜವಾದ ರೋಗ. ಎಲ್ಲಾ ಸೈಟೂ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನೋ ಒಂದೇ ಯೂಸರ್ ಹೆಸ್ರಲ್ಲಿ ಓಡ್ತಿರ್ತಾವೆ, ಅಂದ್ರೆ 11 ಮಳಿಗೆಗೂ ಒಂದೇ ಕೀಲಿ. ಕೋಚಿಂಗ್ ಕ್ಲಾಸಿಗೆ ನುಗ್ಗಿದವ್ನು ಸೀರೆ ಅಂಗಡಿ ಡೇಟಾಬೇಸ್ ಪಾಸ್‌ವರ್ಡೂ ಓದ್ಕೊಂಡಿರ್ತಾನೆ. ಸೈಟಿಗೊಂದು ಲಿನಕ್ಸ್ ಯೂಸರ್, ಸೈಟಿಗೊಂದು ಎಫ್‌ಪಿಎಂ ಪೂಲ್ (ವರ್ಡ್‌ಪ್ರೆಸ್ಸಿನ ಪಿಎಚ್‌ಪಿ ಕೋಡ್ ಓಡ್ಸೋ ಪ್ರೋಸೆಸ್‌ಗಳ ಗುಂಪು), ಸೈಟಿಗೊಂದು ಡೇಟಾಬೇಸ್ ಯೂಸರ್ ಮಾಡಿ. ಫೋಲ್ಡರ್ ಪರ್ಮಿಷನ್ 750 (ಓನರ್‌ಗೆ ಪೂರ್ತಿ, ಗ್ರೂಪಿಗೆ ಓದೋಕೆ, ಬೇರೆಯವ್ರಿಗೆ ಏನೂ ಇಲ್ಲ), ಓನರ್ ಆ ಸೈಟಿನ ಯೂಸರ್, ಗ್ರೂಪ್ ಮಾತ್ರ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಇರ್ಲಿ, ಇಲ್ಲಾಂದ್ರೆ ಎಂಜಿನ್‌ಎಕ್ಸಿಗೆ ಫೋಟೋ ಓದೋಕಾಗಲ್ಲ. ಡೇಟಾಬೇಸ್ ಪಾಸ್‌ವರ್ಡ್ ಇರೋ ಡಬ್ಲ್ಯೂಪಿ-ಕಾನ್ಫಿಗ್ ಫೈಲ್ 600 (ಓನರ್‌ಗೆ ಮಾತ್ರ). ಎಲ್ಲಾದ್ರೂ 777 (ಯಾರು ಬೇಕಾದ್ರೂ ಬರೀಬೋದು) ಕೊಟ್ಟಿದ್ರೆ ಈಗ್ಲೇ ತೆಗೀರಿ. 2 ಜಿಬಿ ಅಲ್ವಾ, ಪೂಲ್ ಎಲ್ಲಾ ಆನ್‌ಡಿಮ್ಯಾಂಡ್ (ಬೇಕಾದಾಗ ಮಾತ್ರ ಓಡೋ ಹಂಗೆ) ಇಡಿ, ಇಲ್ಲಾಂದ್ರೆ ರ‍್ಯಾಮ್ ಮುಗ್ದು ಕರ್ನಲ್ ಹೋಗಿ ಮೈಎಸ್‌ಕ್ಯೂಎಲ್ (ಡೇಟಾಬೇಸ್) ಕತ್ತು ಹಿಚುಕುತ್ತೆ.

ಮತ್ತೆ ಅಪ್‌ಲೋಡ್ಸ್ ಫೋಲ್ಡರಲ್ಲಿ ಸಾಮಾನ್ಯವಾಗಿ ಪಿಎಚ್‌ಪಿ ಫೈಲ್ ಇರ್ಬಾರ್ದು, ಇದ್ರೆ ಅದೇ ಕಳ್ಳ ಇರ್ಬೋದು, ತೆಗೆದು ನೋಡಿ, ಅಲ್ಲಿ ಪಿಎಚ್‌ಪಿ ಓಡ್ದಂಗೆ ಬ್ಲಾಕ್ ಮಾಡಿ. ಹಳೇ ಯೂಸರಿನ ಕ್ರಾನ್‌ಟ್ಯಾಬೂ (ಟೈಮಿಗೆ ತಾನಾಗೇ ಓಡೋ ಕೆಲಸಗಳ ಪಟ್ಟಿ) ನೋಡಿ, ವಾಪಸ್ ಬರ್ತಿರೋದು ಅಲ್ಲಿಂದ್ಲೂ ಇರ್ಬೋದು.

ಮಂಡಕ್ಕಿ_ಮಿರ್ಚಿ:
ಅಣ್ಣಾ ಕಾಲಿಗೆ ಬಿದ್ದೆ. ಕ್ರಾನ್‌ಟ್ಯಾಬಲ್ಲಿ ಇತ್ತು ನೋಡಿ, ಹತ್ತು ನಿಮಿಷಕ್ಕೊಂದ್ಸಲ ಯಾವ್ದೋ ಫೈಲ್ ಇಳ್ಸೋ ಸಾಲು! 777 ಕೊಟ್ಟಿದ್ದೂ ನಾನೇ, ಪ್ಲಗಿನ್ ಇನ್‌ಸ್ಟಾಲ್ ಆಗ್ತಿಲ್ಲ ಅಂತ. ರಾತ್ರಿ ಎಲ್ಲಾ ಕೂತು ಎಂಟು ಸೈಟ್ ಬೇರೆ ಮಾಡ್ದೆ, ಸೀರೆ ಅಂಗಡಿಲಿ ಈಗ ಸೀರೆನೇ ಕಾಣ್ತಿದೆ. ಒಂಬತ್ತನೇದು ಮಾತ್ರ 502 ಎರರ್ ಅಂತಿದೆ, ಲಾಗಲ್ಲಿ ಪರ್ಮಿಷನ್ ಡಿನೈಡ್.

ಕೋಟೆ_ಕೆಳಗಿನವ:
ಆ ಪೂಲ್ ಫೈಲಲ್ಲಿ ಲಿಸನ್ ಡಾಟ್ ಓನರ್ ಸಾಲು ನೋಡಿ, ಕಾಪಿ ಪೇಸ್ಟ್ ಮಾಡೋವಾಗ ಅಲ್ಲೂ ಸೈಟಿನ ಯೂಸರ್ ಹೆಸ್ರು ಹಾಕ್ಬಿಟ್ಟಿರ್ತೀರಾ. ಸಾಕೆಟ್ (ಎಂಜಿನ್‌ಎಕ್ಸೂ ಪಿಎಚ್‌ಪಿನೂ ಮಾತಾಡೋ ಫೈಲ್) ಎಂಜಿನ್‌ಎಕ್ಸಿಗೆ ಸಿಗ್ಬೇಕು, ಅಲ್ಲಿ ಮಾತ್ರ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾನೇ ಇರ್ಲಿ. ಮತ್ತೆ ಫ್ರೀ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್‌ನವ್ರು ಎಕ್ಸ್‌ಪೈರಿ ಮೇಲ್ ಕಳ್ಸೋದು 2025ರ ಜೂನಿಗೇ ನಿಲ್ಸಿದಾರೆ, ಮೇಲ್ ಬರುತ್ತೆ ಅಂತ ಕಾಯ್ಬೇಡಿ, ಸರ್ಟ್‌ಬಾಟ್ ರಿನ್ಯೂ ಡ್ರೈ-ರನ್ (ರಿನ್ಯೂ ಆಗುತ್ತಾ ಅಂತ ಪರೀಕ್ಷೆ) ಒಂದ್ಸಲ ಇವತ್ತೇ ಹೊಡೀರಿ.

ಮಂಡಕ್ಕಿ_ಮಿರ್ಚಿ:
ಓನರ್ ಸಾಲೇ ಅಣ್ಣಾ, ಸೈಟ್ ಬಂತು. ಕೋಚಿಂಗ್ ಕ್ಲಾಸ್‌ದು ಆಫ್ ಮಾಡಿ ಇಟ್ಟಿದೀನಿ, ಬಾಕಿ ಕೊಟ್ಮೇಲೆ ನೋಡೋಣ.