ಮಸಾಜ್ ಗನ್ ತೊಡೆಗೆ ಒತ್ತಿದ ಕೂಡಲೇ ನಿಂತುಹೋಗುತ್ತಿದೆ, ಮೋಟಾರ್ ಸಾಲುತ್ತಿಲ್ಲವೇ? (ಬಗೆಹರಿದಿದೆ)

ಕಬಡ್ಡಿ_ತಿಪಟೂರು:
ಎಲ್ಲರಿಗೂ ನಮಸ್ಕಾರ. ನಮ್ಮೂರ ಕಬಡ್ಡಿ ಹುಡುಗರಿಗೆ ಅಂತ ಒಂದು ಮಸಾಜ್ ಗನ್ ಕಟ್ಟುತ್ತಿದ್ದೇನೆ. ಆಟ ಮುಗಿದ ಮೇಲೆ ತೊಡೆ, ಮೀನಖಂಡ ಹಿಡಿದುಕೊಂಡು ಒದ್ದಾಡುತ್ತಾರೆ. ಫ್ಯಾಸಿಯಾ (ಸ್ನಾಯುವನ್ನು ಸುತ್ತಿರುವ ಪೊರೆ) ಬಿಗಿದಿದೆ, ಹೊಡೆತ ಒಳಗಿನ ತನಕ ಹೋಗಬೇಕು ಅಂತ ಕೋಚ್ ಹೇಳಿದರು. ಅದಕ್ಕೇ ಸ್ಟ್ರೋಕ್, ಅಂದರೆ ತುದಿ ಹಿಂದೆ ಮುಂದೆ ಓಡುವ ದೂರ, 16 ಮಿ.ಮೀ. ಇಟ್ಟಿದ್ದೇನೆ.

775 ಮೋಟಾರ್, 12 ವೋಲ್ಟ್, 3000 ಆರ್‌ಪಿಎಂ. ಕ್ರ್ಯಾಂಕ್ ಡಿಸ್ಕ್‌ನಲ್ಲಿ ಪಿನ್ ನಡುವಿನಿಂದ 8 ಮಿ.ಮೀ. ದೂರ. ಹಿತ್ತಾಳೆ ಬುಶ್ ಒಳಗೆ ಓಡುವ ಸ್ಟೀಲ್ ರಾಡ್, ತುದಿಗೆ ರಬ್ಬರ್ ಚೆಂಡು. ಮೂರು 18650 ಲಿಥಿಯಂ ಸೆಲ್ ಸೀರೀಸ್‌ನಲ್ಲಿ, 8 ಆಂಪ್ ಬಿಎಂಎಸ್ (ಬ್ಯಾಟರಿ ಕಾಯುವ ಬೋರ್ಡ್).

ಸುಮ್ನೆ ಕೈಯಲ್ಲಿ ಹಿಡಿದರೆ ಚೆನ್ನಾಗಿ ಓಡುತ್ತದೆ. ತೊಡೆಗೆ ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಟಕ್ ಅಂತ ನಿಲ್ಲುತ್ತದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಏಳುವುದಿಲ್ಲ. ಚಾರ್ಜರ್ ಚುಚ್ಚಿ ತೆಗೆದರೆ ಮತ್ತೆ ಓಡುತ್ತದೆ! ಜೊತೆಗೆ ಹಿಡಿಕೆ ವಿಪರೀತ ಅದುರುತ್ತದೆ, ಹಿಡಿದವರ ಕೈ ಜೋಮು ಹಿಡಿಯುತ್ತದೆ. ಇನ್ನೂ ದೊಡ್ಡ 895 ಮೋಟಾರ್ ಹಾಕಿದರೆ ಸರಿಹೋಗುತ್ತಾ?

ವೈರ್‌ಮನ್_ಗದಗ:
ಬಿಎಂಎಸ್ ಕಿತ್ತು ಹಾಕಿ, ಸೆಲ್‌ನಿಂದ ನೇರ ಲೈನ್ ಕೊಡಿ. ನಿಲ್ಲೋದೇ ಇಲ್ಲ.

ಮೋಟಾರ್_ಮನೆ:
ದಯವಿಟ್ಟು ಹಾಗೆ ಮಾಡಬೇಡಿ. ಇದು ಹುಡುಗರ ಮೈಗೆ ಒತ್ತಿ ಹಿಡಿಯುವ ವಸ್ತು. ಮೋಟಾರ್ ಸಿಕ್ಕಿಹಾಕಿಕೊಂಡರೆ ಲಿಥಿಯಂ ಸೆಲ್ ಕೊಡುವಷ್ಟೂ ಕರೆಂಟ್ ಕೊಡುತ್ತಲೇ ಇರುತ್ತದೆ. ಕಾದು ಬೆಂಕಿ ಹತ್ತಿದರೆ ಅದು ಹಿಡಿಕೆಯ ಒಳಗೇ.

ತಿಪಟೂರು ಅಣ್ಣಾ, ಉತ್ತರ ನಿಮ್ಮ ಪೋಸ್ಟ್‌ನಲ್ಲೇ ಇದೆ. ಮೋಟಾರಿಗೆ ಶಕ್ತಿ ಸಾಲದಿದ್ದರೆ ಅದು ಗುಂಯ್ ಅಂತ ನರಳಿ ನಿಲ್ಲುತ್ತದೆ, ಒತ್ತಡ ತೆಗೆದ ಕೂಡಲೇ ಮತ್ತೆ ತಿರುಗುತ್ತದೆ. ನಿಮ್ಮದು ಚಾರ್ಜರ್ ಚುಚ್ಚುವ ತನಕ ಸತ್ತಂತೆ ಇರುತ್ತದೆ. ಅಂದರೆ ಬಿಎಂಎಸ್ ಟ್ರಿಪ್ ಆಗುತ್ತಿದೆ. ಕೆಲವು ಬೋರ್ಡ್‌ಗಳು ಓವರ್ ಕರೆಂಟ್‌ಗೆ ಒಮ್ಮೆ ಕಟ್ ಆದರೆ ಚಾರ್ಜರ್ ಕಾಣುವ ತನಕ ಮತ್ತೆ ಬಿಡುವುದಿಲ್ಲ.

ಖಾತ್ರಿ ಮಾಡಿಕೊಳ್ಳಿ. ಬ್ಯಾಟರಿ ಬಿಚ್ಚಿಟ್ಟು 12 ವೋಲ್ಟ್ 15 ಆಂಪ್ ಎಸ್‌ಎಂಪಿಎಸ್‌ಗೆ (ಮನೆಯ ಕರೆಂಟಿನಿಂದ 12 ವೋಲ್ಟ್ ಕೊಡುವ ಪವರ್ ಸಪ್ಲೈ) ಮೋಟಾರ್ ಕೊಡಿ. ಮೈಗೆ ಬೇಡ, ನೆಲದ ಮೇಲೆ ಹಳೇ ದಿಂಬು ಇಟ್ಟು ಒತ್ತಿ. ನಿಲ್ಲದಿದ್ದರೆ ಮೋಟಾರ್ ತಪ್ಪಿಲ್ಲ. ಹಾಗೇ ಮೋಟಾರಿನ ಎರಡು ತುದಿಗೆ ಮಲ್ಟಿಮೀಟರ್ ಇಟ್ಟು ಓಮ್ಸ್ ನೋಡಿ ಹೇಳಿ. ಸೆಲ್ ಎಲ್ಲಿಂದ ತಂದಿರಿ?

ಕಬಡ್ಡಿ_ತಿಪಟೂರು:
ಎಸ್‌ಎಂಪಿಎಸ್‌ನಲ್ಲಿ ನಿಲ್ಲಲಿಲ್ಲ ಅಣ್ಣಾ. ಮೀಟರ್ ಸುಮಾರು 1 ಓಮ್ ತೋರಿಸುತ್ತದೆ. ಸೆಲ್ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯವು.

ಮೋಟಾರ್_ಮನೆ:
ಹಾಗಾದರೆ ಲೆಕ್ಕ ಹಾಕೋಣ. 1 ಓಮ್ ಅಂದರೆ ಸಿಕ್ಕಿಹಾಕಿಕೊಂಡ ಮೋಟಾರ್ 12 ಆಂಪ್ ತನಕ ಎಳೆಯಬಲ್ಲದು. 12 ವೋಲ್ಟ್‌ಗೆ 3000 ಸುತ್ತು ಅಂದರೆ ವೋಲ್ಟ್‌ಗೆ 250. 9.55 ಅನ್ನು 250ರಿಂದ ಭಾಗಿಸಿದರೆ ಪ್ರತಿ ಆಂಪ್‌ಗೆ ಸುಮಾರು 0.038 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ನೀವು 5 ಕೆಜಿ ಭಾರದಷ್ಟು ಒತ್ತಿದರೆ 50 ನ್ಯೂಟನ್. ಪಿನ್ 8 ಮಿ.ಮೀ. ದೂರದಲ್ಲಿದ್ದರೆ ಹೊಡೆತದ ನಡುವೆ ಬೇಕಾಗುವ ಟಾರ್ಕ್ 0.40. ಅದಕ್ಕೆ ಹತ್ತೂವರೆ ಆಂಪ್ ಬೇಕು. ನಿಮ್ಮ ಬಿಎಂಎಸ್ 8ಕ್ಕೇ ಕೈಬಿಡುತ್ತದೆ.

ಅದೇ ಪಿನ್ 5 ಮಿ.ಮೀ.ಗೆ ತಂದರೆ 0.25 ಸಾಕು, ಆರೂವರೆ ಆಂಪ್. ಮೋಟಾರ್ ಬದಲಿಸುವುದೇ ಬೇಡ. ಸ್ಟ್ರೋಕ್ 10 ಮಿ.ಮೀ. ಆಗುತ್ತದೆ ಅಷ್ಟೇ.

ಆದರೆ ಹಳೇ ಲ್ಯಾಪ್‌ಟಾಪ್ ಸೆಲ್ ಈ ಕೆಲಸಕ್ಕೆ ಬೇಡ. ಹೈ ಡಿಸ್ಚಾರ್ಜ್ (ಒಮ್ಮೆಲೇ ಹೆಚ್ಚು ಕರೆಂಟ್ ಕೊಡಬಲ್ಲದ್ದು) ಅಂತ ಕೇಳಿ ಹೊಸದು ತಗೊಳ್ಳಿ, ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ಮೂರೂ ಒಂದೇ ಬಗೆಯವು ಇರಲಿ.

ಕಬಡ್ಡಿ_ತಿಪಟೂರು:
ಲೆಕ್ಕ ಅರ್ಥವಾಯಿತು. ಆದರೆ 10 ಮಿ.ಮೀ. ಆದರೆ ಫ್ಯಾಸಿಯಾ ತನಕ ಹೋಗುತ್ತಾ? ದೊಡ್ಡ ಬ್ರಾಂಡ್ ಥೆರಗನ್‌ನಲ್ಲಿ 16 ಇದೆಯಲ್ವಾ?

ಫಿಸಿಯೋ_ಧಾರವಾಡ:
ಇಲ್ಲಿ ನಾನು ಸ್ವಲ್ಪ ಹೇಳಬೇಕು. ಹೆಚ್ಚು ಬಲ ಕೊಟ್ಟರೆ ಫ್ಯಾಸಿಯಾ ಬಿಡಿಸಿಕೊಳ್ಳುತ್ತದೆ ಅನ್ನೋದು ಎಲ್ಲ ಕಡೆ ಕೇಳಿಬರುವ ಮಾತು. 2008ರಲ್ಲಿ ಚೌಧರಿ ಮತ್ತು ಸಂಗಡಿಗರು ಇದನ್ನು ಗಣಿತದ ಮಾದರಿಯಲ್ಲಿ ನೋಡಿದರು. ತೊಡೆಯ ಫ್ಯಾಸಿಯಾ ಲಾಟಾ, ಅಂಗಾಲಿನ ಪ್ಲಾಂಟರ್ ಫ್ಯಾಸಿಯಾ ಇವನ್ನು ಬರೀ ಶೇ 1ರಷ್ಟು ಅದುಮಲೂ ಮೈ ತಡೆಯುವ ಮಿತಿ ಮೀರಿದ ಬಲ ಬೇಕು ಅಂತ ಕಂಡುಬಂತು. ಆ ಬಲ ಕೈಯಿಂದಲೂ ಬೇಡ, ಯಂತ್ರದಿಂದಲೂ ಬೇಡ.

ಹಾಗಂತ ನೀವು ಕಟ್ಟುತ್ತಿರುವುದು ವ್ಯರ್ಥ ಅಲ್ಲ. 2020ರಲ್ಲಿ ಕೊನ್ರಾಡ್ ತಂಡ 16 ಜನರ ಮೀನಖಂಡಕ್ಕೆ 5 ನಿಮಿಷ ಇಂಥದೇ ಗನ್ ಬಳಸಿತು. ಪಾದ ಮೇಲಕ್ಕೆ ಮಡಚುವ ಅಳತೆ ಸರಾಸರಿ 5.4 ಡಿಗ್ರಿ ಹೆಚ್ಚಾಯಿತು, ಸ್ನಾಯುವಿನ ಬಲ ಕುಗ್ಗಲಿಲ್ಲ. ಆಟಗಾರರಿಗೆ ಇದು ಉಪಯೋಗದ ವಿಷಯ. ಆದ್ದರಿಂದ ಸ್ಟ್ರೋಕ್ ಬೆನ್ನು ಹತ್ತಬೇಡಿ. ಹಗುರವಾಗಿ ಒತ್ತಿ ನಿಧಾನವಾಗಿ ಸರಿಸಿಕೊಂಡು ಹೋಗಲು ಬರುವಂಥ ಗನ್ ಮಾಡಿ.

ಕುತ್ತಿಗೆ, ಬೆನ್ನುಮೂಳೆ, ಮಂಡಿ ಚಿಪ್ಪು, ಊದಿದ ಜಾಗ, ಹೊಸದಾಗಿ ಪೆಟ್ಟು ಬಿದ್ದ ಜಾಗ, ಉಬ್ಬಿದ ರಕ್ತನಾಳ, ಇಲ್ಲೆಲ್ಲ ಇಡಲೇಬಾರದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಬೇಡ. ತಂಡಕ್ಕೆ ಅಂತ ಮಾಡಿದ್ದು ಮನೆಯ ಹಿರಿಯರ ಕೈಗೂ ಹೋಗುತ್ತದೆ, ಅದಕ್ಕೇ ಹೇಳಿದೆ.

ಕಬಡ್ಡಿ_ತಿಪಟೂರು:
ತುಂಬಾ ಥ್ಯಾಂಕ್ಸ್ ಮೇಡಂ. ಇದನ್ನು ಕೋಚ್‌ಗೂ ತೋರಿಸುತ್ತೇನೆ. 10 ಮಿ.ಮೀ.ಗೇ ಹೋಗುತ್ತೇನೆ. ಅದುರುವುದಕ್ಕೆ ಏನು ಮಾಡಲಿ?

ಲೇತ್_ಶಿವಮೊಗ್ಗ:
ಡಿಸ್ಕ್ ಹೇಗೂ ಹೊಸದು ಮಾಡಿಸಬೇಕಲ್ಲ, ಅದರಲ್ಲೇ ಇದನ್ನೂ ಮುಗಿಸಿ. ಹಿಂದೆ ಮುಂದೆ ಓಡುವ ಭಾಗ ಅಂದರೆ ರಾಡ್, ಚೆಂಡು, ಪಿನ್ನಿಗೂ ರಾಡ್‌ಗೂ ಕೊಂಡಿಯಾದ ಕನೆಕ್ಟಿಂಗ್ ರಾಡ್‌ನ ಸಣ್ಣ ತುದಿ. ಅದನ್ನು ತೂಕ ಮಾಡಿದಿರಾ?

ಕಬಡ್ಡಿ_ತಿಪಟೂರು:
ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ, 90 ಗ್ರಾಂ.

ಲೇತ್_ಶಿವಮೊಗ್ಗ:
ಸರಿ. ಒತ್ತಿದಾಗ ವೇಗ 3000ದಿಂದ ಇಳಿಯುತ್ತದೆ, ನಿಮಿಷಕ್ಕೆ 2400 ಹೊಡೆತ ಅಂತ ಇಟ್ಟುಕೊಂಡರೆ ಸೆಕೆಂಡಿಗೆ 40. ಆ ವೇಗದಲ್ಲಿ 90 ಗ್ರಾಂ 8 ಮಿ.ಮೀ. ಕ್ರ್ಯಾಂಕ್‌ನಲ್ಲಿ ಓಡಿದರೆ ಸುಮಾರು 45 ನ್ಯೂಟನ್ ಬಲ ಹಿಡಿಕೆಗೆ ಬಡಿಯುತ್ತದೆ. ಕೈ ಜೋಮು ಹಿಡಿಯದೆ ಇರುತ್ತಾ! 5 ಮಿ.ಮೀ. ಆದರೆ 28ಕ್ಕೆ ಇಳಿಯುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದುರು ಪಿನ್ ಒಳಗೆ ತಂದ ಕೂಡಲೇ ಹೋಗುವ ಹಾಗೆ.

ಉಳಿದದ್ದಕ್ಕೆ ಪಿನ್ನಿನ ಎದುರು ಬದಿಗೆ ತೂಕ ಕೊಡಿ. ಪೂರ್ತಿ 90 ಗ್ರಾಂಗೆ ಸರಿದೂಗಿಸಲು ಹೋಗಬೇಡಿ, ಹಿಂದೆ ಮುಂದೆ ಅದುರುತ್ತಿದ್ದದ್ದು ಅಡ್ಡಡ್ಡ ಅದುರಲು ಶುರುವಾಗುತ್ತದೆ. ಅರ್ಧ, ಅಂದರೆ 45 ಗ್ರಾಂ ಹಿಡಿಯಿರಿ. 45 ಇಂಟು 5 ಅಂದರೆ 225. ನಡುವಿನಿಂದ 15 ಮಿ.ಮೀ. ದೂರದಲ್ಲಿ ಇಟ್ಟರೆ 15 ಗ್ರಾಂ ಸಾಕು. ಪಿನ್ ಮತ್ತು ಕನೆಕ್ಟಿಂಗ್ ರಾಡ್‌ನ ದೊಡ್ಡ ತುದಿಯ ತೂಕವನ್ನು ಮಾತ್ರ ಆ 45 ಗ್ರಾಂ ಮೇಲೆ ಪೂರ್ತಿಯಾಗಿ ಸೇರಿಸಿ ಲೆಕ್ಕ ಹಾಕಿ, ಅದು ಸುತ್ತುವ ಭಾಗ. ಡಿಸ್ಕ್ ಸ್ವಲ್ಪ ದಪ್ಪ ಇರಲಿ. ಫ್ಲೈವೀಲ್ ಥರ ಕೆಲಸ ಮಾಡುತ್ತದೆ, ಕರೆಂಟಿನ ಏರಿಳಿತವೂ ಕಡಿಮೆಯಾಗುತ್ತದೆ.

ಕಬಡ್ಡಿ_ತಿಪಟೂರು:
ಹೊಸ ಡಿಸ್ಕ್, ಹೊಸ ಸೆಲ್ ಹಾಕಿದೆ. ಬಿಎಂಎಸ್ ಅದೇ. ದಿಂಬಿನ ಮೇಲೂ ನಿಲ್ಲಲಿಲ್ಲ, ನನ್ನ ತೊಡೆಯ ಮೇಲೂ ನಿಲ್ಲಲಿಲ್ಲ. ಬೇಕಂತಲೇ ಜೋರಾಗಿ ಅದುಮಿದರೆ ಮಾತ್ರ ಕಟ್ ಆಗುತ್ತದೆ. ಹಿಡಿಕೆ ಈಗ ಆರಾಮಾಗಿ ಹಿಡಿಯಬಹುದು. ಆದರೆ ಒಂದು ಕಟಕಟ ಸದ್ದು ಉಳಿದಿದೆ.

ಮೋಟಾರ್_ಮನೆ:
ಜೋರಾಗಿ ಅದುಮಿದಾಗ ಕಟ್ ಆಗುವುದನ್ನು ಹಾಗೇ ಬಿಡಿ. ಅಷ್ಟು ಒತ್ತಬಾರದು ಅಂತ ಹುಡುಗರಿಗೂ ಗೊತ್ತಾಗುತ್ತದೆ.

ಲೇತ್_ಶಿವಮೊಗ್ಗ:
ಪಿನ್ ಮೇಲೆ ಕನೆಕ್ಟಿಂಗ್ ರಾಡ್ ನೇರವಾಗಿ ಕೂತಿದ್ದರೆ ಅಲ್ಲಿ ಆಟ (ಸಡಿಲ) ಬಂದಿರುತ್ತದೆ. ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. 625 ಬೇರಿಂಗ್ ಹಾಕಿ, ಒಳಗೆ 5 ಮಿ.ಮೀ., ಹೊರಗೆ 16. ಬೇರಿಂಗ್ ಬಿಗಿಯಾಗಿ ಕೂರಬೇಕು, ಸುತ್ತಿಗೆಯಿಂದ ಬಡಿಯಬೇಡಿ, ವೈಸ್‌ನಲ್ಲಿ ಒತ್ತಿ ಕೂರಿಸಿ.

ಕಬಡ್ಡಿ_ತಿಪಟೂರು:
ಅಲ್ಲೇ ಆಟ ಇತ್ತು ಅಣ್ಣಾ. ಬೇರಿಂಗ್ ಹಾಕಿದ ಮೇಲೆ ಸದ್ದು ಹೋಯಿತು. ಡಿಸ್ಕ್‌ನ ಅಳತೆ ಬರೆದ ಹಾಳೆಯ ಫೋಟೋ ನಾಳೆ ಇಲ್ಲೇ ಹಾಕುತ್ತೇನೆ.