ಅಡಿಕೆ ಸಿಪ್ಪೆಯಿಂದ ಮೈಕ್ರೋವೇವ್‌ನಲ್ಲಿ ಇದ್ದಿಲು ತೆಗೆಯಬಹುದಾ?

ತೋಟದಮನೆ_ಸಾಗರ
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ. ಕೊಯ್ಲು ಶುರುವಾದರೆ ಸುಲಿಯುವ ಮಷೀನಿನ ಹಿಂದೆ ಸಿಪ್ಪೆ ರಾಶಿ ಬೀಳುತ್ತದೆ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ ಅಲ್ವಾ. ಗೊಬ್ಬರ ಆಗಲಿ ಅಂತ ಬಿಟ್ಟರೆ ನಾರು ಬೇಗ ಕೊಳೆಯುವುದಿಲ್ಲ. ಚನ್ನಗಿರಿ ಕಡೆ ಹೋಗುವಾಗ ನೋಡಿರುತ್ತೀರಿ, ರಸ್ತೆ ಬದಿಗೆ ಸುರಿದು ಬೆಂಕಿ ಕೊಡುತ್ತಾರೆ, ಅದು ಒಳಗೊಳಗೇ ಉರಿಯುತ್ತಾ ದಿನಗಟ್ಟಲೆ ಹೊಗೆ ಬಿಡುತ್ತದೆ, ಎದುರಿಗೆ ಬರುವ ಗಾಡಿಯೂ ಕಾಣುವುದಿಲ್ಲ. ನನಗೆ ಹಾಗೆ ಸುಡಲು ಮನಸ್ಸಿಲ್ಲ. ಮೈಕ್ರೋವೇವ್ ಬಿಸಿಯಿಂದ ಇಂಥ ಕಸದಲ್ಲಿ ಇದ್ದಿಲು, ಎಣ್ಣೆ, ಗ್ಯಾಸ್ ಎಲ್ಲ ತೆಗೆಯುತ್ತಾರೆ ಅಂತ ಓದಿದೆ. ಮನೆಯಲ್ಲಿ ಹಳೆ ಓವನ್ ಒಂದು ಸುಮ್ನೆ ಬಿದ್ದಿದೆ. ಅದರಲ್ಲಿ ಸ್ವಲ್ಪ ಮಾಡಿ ನೋಡಬಹುದಾ? ಸರಿ ಬಂದರೆ ನಾಲ್ಕೈದು ಮನೆಯವರು ಸೇರಿ ದೊಡ್ಡದು ಹಾಕಿಸುವ ಯೋಚನೆ ಇದೆ.

ರಸಾಯನ_ಮೈಸೂರು
ದಯವಿಟ್ಟು ಮನೆ ಓವನ್‌ನಲ್ಲಿ ಮಾಡಬೇಡಿ. ಸಿಪ್ಪೆ ಇದ್ದಿಲಾಗುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಜೊತೆಗೆ ಬರುವ ಟಾರು ತುಂಬಿದ ಹೊಗೆ ಗಾಳಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಲ್ಯಾಬ್‌ನಲ್ಲಿ ಒಳಗಿನ ಗಾಳಿ ತೆಗೆದು ನೈಟ್ರೋಜನ್ ಹಾಯಿಸುತ್ತಾರೆ, ಬರುವ ಆವಿಯನ್ನು ತಣಿಸಿ ಎಣ್ಣೆ ಹಿಡಿಯುತ್ತಾರೆ.

ಇನ್ನೊಂದು ವಿಷಯ. ಓವನ್‌ನ 2.45 ಗಿಗಾಹರ್ಟ್ಸ್ ಅಲೆ ನೀರನ್ನು ಚೆನ್ನಾಗಿ ಕಾಯಿಸುತ್ತದೆ, ಒಣ ನಾರನ್ನು ಅಷ್ಟಾಗಿ ಇಲ್ಲ. ನೀರೆಲ್ಲ ಆರಿದ ಮೇಲೆ ಬಿಸಿ ಏರುವುದೇ ಕಷ್ಟ. ಅದಕ್ಕೇ ಇದ್ದಿಲ ಪುಡಿಯನ್ನೋ ಸಿಲಿಕಾನ್ ಕಾರ್ಬೈಡನ್ನೋ ಬೆರೆಸುತ್ತಾರೆ, ಅವು ಅಲೆ ಹೀರಿ ಕಾದು ಪಕ್ಕದ ನಾರನ್ನು ಬೇಯಿಸುತ್ತವೆ. ಆದರೆ ಒಂದು ಕಡೆ ಇದ್ದಿಲಾದರೆ ಆ ಜಾಗವೇ ಇನ್ನಷ್ಟು ಅಲೆ ಹೀರುತ್ತದೆ. ಅಲ್ಲಿ ಕೆಂಡ, ಎರಡು ಬೆರಳು ಆಚೆ ನಾರು ಹಾಗೇ ಇರುತ್ತದೆ. ದೊಡ್ಡ ಯಂತ್ರ ಕಟ್ಟುವವರಿಗೂ ಇದೇ ತಲೆನೋವು.

ಕರೆಂಟ್ ಲೆಕ್ಕವನ್ನೂ ಹಾಕಿ. ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 0.7 ಯೂನಿಟ್ ಬಿಸಿ ಬೇಕು, ಓವನ್‌ನಲ್ಲೇ ಮೂರನೇ ಒಂದು ಪಾಲು ಕರೆಂಟ್ ಪೋಲಾಗುವುದರಿಂದ ಮೀಟರ್ ಒಂದು ಯೂನಿಟ್ ದಾಟುತ್ತದೆ. ಬಿಸಿಲು ಪುಕ್ಕಟೆ ಮಾಡುವ ಕೆಲಸಕ್ಕೆ ಬಿಲ್ ಯಾಕೆ ಕಟ್ಟಬೇಕು?

ಲೀಡ್ಸ್_ಕನ್ನಡಿಗ
ಮೇಲಿನವರು ಹೇಳಿದ್ದು ಅಡಿಕೆ ಸಿಪ್ಪೆಗೆ ಸರಿ, ಆದರೆ ಮೈಕ್ರೋವೇವನ್ನೇ ತಳ್ಳಿಹಾಕಬೇಡಿ. ನಾನಿರುವ ಊರಿಗೆ ಹತ್ತಿರದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕ್ಲಾರ್ಕ್ ಅವರ ತಂಡ ಕಿತ್ತಳೆ ಸಿಪ್ಪೆಯ ಮೇಲೆ ಮೈಕ್ರೋವೇವ್ ಪ್ರಯೋಗ ಮಾಡಿದೆ, 2011ರಲ್ಲಿ ಬ್ರೆಜಿಲ್, ಸ್ಪೇನ್‌ನ ವಿಶ್ವವಿದ್ಯಾಲಯಗಳ ಜೊತೆ ಸೇರಿಕೊಂಡರು. ಬ್ರೆಜಿಲ್ ಯಾಕೆ ಅಂದರೆ ಜ್ಯೂಸ್ ಫ್ಯಾಕ್ಟರಿಗಳಲ್ಲಿ ಹಣ್ಣಿನ ಹತ್ತಿರ ಹತ್ತಿರ ಅರ್ಧ ತೂಕ ಸಿಪ್ಪೆ, ಚರಟವಾಗಿ ಉಳಿಯುತ್ತದೆ. ಅದೆಲ್ಲ ಹಸಿ, ಒಂದೇ ಜಾಗದಲ್ಲಿ ಸಿಗುತ್ತದೆ, ಒಳಗಿನ ನೀರೇ ಅಲೆ ಹೀರಿಕೊಳ್ಳುತ್ತದೆ. ಕಿತ್ತಳೆ ಸಿಪ್ಪೆಯನ್ನು ಮಡಚಿ ದೀಪದ ಹತ್ತಿರ ಹಿಂಡಿದರೆ ಚಿಟಪಟ ಅಂತ ಕಿಡಿ ಬರುತ್ತಲ್ಲ, ಆ ಎಣ್ಣೆಯಲ್ಲಿ ಬಹುಪಾಲು ಲಿಮೋನೀನ್. ಸುಗಂಧಕ್ಕೆ, ಕ್ಲೀನಿಂಗ್ ದ್ರವಕ್ಕೆ ಬೇಡಿಕೆ ಇದೆ. ಆಮೇಲೆ ಜಾಮ್ ಗಟ್ಟಿ ಮಾಡುವ ಪೆಕ್ಟಿನ್. ಮಾಮೂಲಿಯಾಗಿ ಅದನ್ನು ತೆಗೆಯಲು ಬಿಸಿ ಆಸಿಡ್ ನೀರು ಬೇಕು, ಮೈಕ್ರೋವೇವ್‌ನಲ್ಲಿ ಆಸಿಡ್ ಇಲ್ಲದೆಯೂ ಆಗುತ್ತದೆ. ಬೆಲೆ ಬಾಳುವ ಸರಕು ಬಂದರೆ ಕರೆಂಟ್ ಖರ್ಚು ಹುಟ್ಟುತ್ತದೆ. ಇದ್ದಿಲು ಮಾರಿ ಹುಟ್ಟುವುದು ಕಷ್ಟ.

ಮಲೆನಾಡ_ರೈತ
ತೋಟದಮನೆಯವರೇ, ನಿಮಗೆ ಬೇಕಿರುವುದು ಇದ್ದಿಲು ತಾನೇ? ಒಂದು ಹೊಂಡ ಸಾಕು. ಮೇಲೆ ಅಗಲ, ತಳ ಕಿರಿದಾಗಿ ತೋಡಿ. ತಳದಲ್ಲಿ ಪುರಳೆಗೆ ಬೆಂಕಿ ಹಚ್ಚಿ, ಚೆನ್ನಾಗಿ ಉರಿ ಬಂದ ಮೇಲೆ ಒಣಗಿದ ಸಿಪ್ಪೆಯನ್ನು ತೆಳುವಾಗಿ ಹರಡಿ. ಮೇಲೆ ಬಿಳಿ ಬೂದಿ ಕಾಣತೊಡಗಿದ ಕೂಡಲೇ ಇನ್ನೊಂದು ಪದರ. ಮೇಲಿನ ಜ್ವಾಲೆಯೇ ಗಾಳಿಯನ್ನು ತಿಂದುಬಿಡುತ್ತದೆ, ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ, ಹೊಗೆಯೂ ಉರಿದು ಹೋಗುತ್ತದೆ. ಹೊಂಡ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ. ಹಾಗೇ ಬಿಟ್ಟರೆ ಬೆಳಗ್ಗೆಗೆ ಬೂದಿಯೇ ಸಿಗುವುದು. ಆ ಇದ್ದಿಲನ್ನು ನೇರ ಮರದ ಬುಡಕ್ಕೆ ಹಾಕಬೇಡಿ, ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಕೆಲವು ವಾರ ಬಿಟ್ಟು ಹಾಕಿ. ನಮ್ಮ ಕಡೆಯ ಹುಳಿ ಮಣ್ಣಿಗೆ ಒಳ್ಳೆಯದು.

ತೋಟದಮನೆ_ಸಾಗರ
ತುಂಬಾ ಉಪಕಾರ ಆಯಿತು. ಓವನ್ ವಿಚಾರ ಬಿಟ್ಟೆ. ಸಿಪ್ಪೆ ಎಷ್ಟು ಒಣಗಿರಬೇಕು ಅಣ್ಣ? ಕೊಯ್ಲಿನ ಹೊತ್ತಿಗೆ ಒಮ್ಮೊಮ್ಮೆ ಮಳೆ ಇರುತ್ತೆ.

ಮಲೆನಾಡ_ರೈತ
ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ತೇವ ಆಗಬಾರದು, ಉಜ್ಜಿದರೆ ನಾರು ಬಿಡಿಬಿಡಿಯಾಗಬೇಕು. ಹಸಿ ಇದ್ದರೆ ಬರೀ ಹೊಗೆ. ಅಡಿಕೆ ಒಣಗಿಸಿ ಅಂಗಳ ಖಾಲಿಯಾದ ಮೇಲೆ ಸಿಪ್ಪೆ ಹರಡಿ, ಫೆಬ್ರವರಿ–ಮಾರ್ಚ್‌ನಲ್ಲಿ ಸುಡಿ. ಪಕ್ಕದಲ್ಲಿ ನೀರಿನ ಪೈಪ್ ಇರಲಿ, ಗಾಳಿ ಬೀಸುವ ದಿನ ಬೇಡ.