ಪೇಟೆ ಬೀದಿ ನವೀಕರಣ: ಅಂಗಡಿಯವರು, ಬೀದಿ ವ್ಯಾಪಾರಿಗಳನ್ನು ಒಟ್ಟಿಗೆ ಕೂರಿಸುವುದು ಹೇಗೆ?

ಪ್ರಶ್ನೆ
ನಮ್ಮ ಹಳೇ ಪೇಟೆ ಬೀದಿಗೆ ಅಗಲ ಫುಟ್‌ಪಾತ್, ಏಕಮುಖ ಸಂಚಾರ ಎಂದು ನಗರಸಭೆ ನಕ್ಷೆ ತಂದಿದೆ. ಮೊದಲ ಸಭೆಯಲ್ಲೇ "ಪಾರ್ಕಿಂಗ್ ಹೋದ್ರೆ ಗಿರಾಕಿ ಹೋದ ಹಾಗೆ" ಎಂದು ಅಂಗಡಿಯವರು ಎದ್ದು ಹೋದರು. ಹೂವು, ಹಣ್ಣಿನವರನ್ನು ಕರೆದಿರಲೇ ಇಲ್ಲ. ಮುಂದಿನ ಸಭೆ ವರ್ತಕರ ಸಂಘದ ಹೊಣೆ. ಎಲ್ಲಿಂದ ಶುರು ಮಾಡೋಣ?

ಉತ್ತರ 1
ನಕ್ಷೆ ಪಕ್ಕಕ್ಕಿಡಿ, ಮೊದಲು ಪಾರ್ಕಿಂಗ್ ಲೆಕ್ಕ ಹಿಡಿಯಿರಿ. ಒಂದು ಬುಧವಾರ, ಒಂದು ಶನಿವಾರ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಅರ್ಧ ಗಂಟೆಗೊಮ್ಮೆ ನಿಂತ ಗಾಡಿಗಳ ನಂಬರಿನ ಕೊನೆಯ 4 ಅಂಕಿ ಬರೆಯಿರಿ. ಅಂಗಡಿಯವರೇ ಬರೆಯಲಿ, ಹೊರಗಿನವರ ಲೆಕ್ಕವನ್ನು ಅವರು ಒಪ್ಪುವುದಿಲ್ಲ. ಇಡೀ ದಿನ ಅಲ್ಲಾಡದ ನಂಬರುಗಳಲ್ಲಿ ಮಾಲೀಕರವು, ಕೆಲಸದವರವು ಎಷ್ಟು ಎಂದು ಗುರುತು ಹಾಕಿ. ಗಿರಾಕಿಯ ಜಾಗ ತಿನ್ನುತ್ತಿರುವುದು ಯಾರೆಂದು ಆಗ ಅವರಿಗೇ ಕಾಣುತ್ತದೆ.

ಸಭೆ ಮಧ್ಯಾಹ್ನ 3ಕ್ಕೆ, ಬೀದಿಯಲ್ಲೇ ಇಡಿ. ಕಟ್ಟಡದ ಮಾಲೀಕರನ್ನೂ ಬಾಡಿಗೆದಾರರನ್ನೂ ಬೇರೆ ಬೇರೆಯಾಗಿ ಕೂರಿಸಿ. ಬೀದಿ ಚೆಂದವಾದರೆ ಬಾಡಿಗೆ ಏರುತ್ತದೆಂಬ ಭಯವನ್ನು ಮಾಲೀಕರ ಎದುರು ಯಾರೂ ಬಾಯಿಬಿಡುವುದಿಲ್ಲ.

ಉತ್ತರ 2
ಬೀದಿ ವ್ಯಾಪಾರಿಗಳನ್ನು ಬಿಟ್ಟರೆ ಕೆಲಸ ನಿಲ್ಲುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರಿಗಳ ಸರ್ವೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನದ ನೋಟಿಸ್ ಬೇಕು. ಇದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ಅವರದೇ ಪ್ರತಿನಿಧಿಗಳು, ಅದರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ವ್ಯಾಪಾರಿಗಳ ಜೊತೆ ನಿಂತು ತಳ್ಳುಗಾಡಿಯ ಜಾಗವನ್ನು ಸುಣ್ಣದಲ್ಲಿ ಗುರುತು ಮಾಡಿ. ನಡೆಯಲು 2.5 ಮೀಟರ್ ಖಾಲಿ ಉಳಿಯಬೇಕು, ವಾಣಿಜ್ಯ ಬೀದಿಗೆ ಐಆರ್‌ಸಿ 103 (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ) ಹೇಳುವ ಕನಿಷ್ಠ ಅಗಲ ಅದೇ.

ಉತ್ತರ 3
ಸಭೆಯಲ್ಲಿ ಯಾರೂ ಎತ್ತದ, ಮೊದಲ ಮಳೆಗೇ ಜಗಳ ತರುವ ವಿಷಯ ಹೊಸ್ತಿಲ ಮಟ್ಟ. ಪ್ರತಿ ಅಂಗಡಿಯ ಹೊಸ್ತಿಲ ಎತ್ತರ ಅಳೆದು ನಕ್ಷೆಯಲ್ಲಿ ಬರೆಸಿ. ಫುಟ್‌ಪಾತ್ ಅದಕ್ಕಿಂತ ಕೆಳಗಿರಲಿ, ಚರಂಡಿ ಕಡೆಗೆ ಇಳಿಜಾರಿರಲಿ. ಡಾಂಬರಿನ ಮೇಲೆ ಡಾಂಬರು ಹಾಕಿದ ಬೀದಿಗಳಲ್ಲಿ ನೀರು ಒಳಗೆ ನುಗ್ಗುವುದು ಇದನ್ನು ನೋಡದ್ದರಿಂದಲೇ.

ಅಗೆತ 50 ಮೀಟರ್ ತುಂಡುಗಳಲ್ಲಿ, ಒಂದು ಬದಿ ಮುಗಿದ ಮೇಲೆ ಇನ್ನೊಂದು. ಗಣೇಶ ಹಬ್ಬದಿಂದ ದೀಪಾವಳಿವರೆಗೆ ಅಗೆಯುವುದಿಲ್ಲ ಎಂದು ಟೆಂಡರ್‌ನಲ್ಲೇ ಬರೆಸಿ. ಒಳಚರಂಡಿ, ವಿದ್ಯುತ್, ಕೇಬಲ್‌ನವರಿಂದ ತಮ್ಮ ಅಗೆತ ಮುಗಿಯಿತೆಂಬ ಸಹಿ ಬರುವವರೆಗೆ ಕಲ್ಲು ಹಾಸಬೇಡಿ.

ಪ್ರಶ್ನೆ ಕೇಳಿದವರು
ಏಕಮುಖ ಸಂಚಾರಕ್ಕೆ ಇನ್ನೂ ಒಪ್ಪದಿದ್ದರೆ?

ಉತ್ತರ 1
ಕಾಯಂ ಕೆಲಸಕ್ಕೆ ಮೊದಲು ರಸ್ತೆಗೆ ಬಣ್ಣದ ಗೆರೆ ಎಳೆದು, ಡ್ರಮ್ ಇಟ್ಟು ನಾಲ್ಕು ವಾರಾಂತ್ಯ ಪರೀಕ್ಷಿಸಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ವಾಹನ ಸಂಚಾರ ತಡೆದು ನೋಡಿದ್ದೂ ವಾರಾಂತ್ಯಗಳಲ್ಲೇ. ಸರಕಿನ ಲಾರಿಗೆ ಬೆಳಿಗ್ಗೆ 10ರವರೆಗೆ ಬಿಡಿ. ವ್ಯಾಪಾರ ಕುಗ್ಗಿತೇ ಎಂದು ಹೋಲಿಸಲು ಪ್ರತಿ ಅಂಗಡಿಯ ಬಿಲ್ಲುಗಳ ಸಂಖ್ಯೆ ಮಾತ್ರ ಕೇಳಿ. ವಹಿವಾಟಿನ ಮೊತ್ತ ಕೇಳಿದರೆ ಯಾರೂ ಕೊಡುವುದಿಲ್ಲ.